ಮಲಗಿಸಿದ ಲೋಟ

ಅರವತ್ತು ಕಿವಿಗಳೂ ತಪ್ಪು ಕಡೆಗೆ ಸರಿದಿವೆ ಎಂಬುದು ಬೈರಣ್ಣನಿಗೆ ಉಳಿದವರೆಲ್ಲರಿಗಿಂತ ಇಪ್ಪತ್ತಮೂರು ದಿನ ಮೊದಲೇ ಗೊತ್ತಿತ್ತು. ಇಪ್ಪತ್ತಮೂರು ಎಂದು ಅವನು ಲೆಕ್ಕ ಹಾಕಿದ್ದು ಗುರುವಾರ ಬೆಳಿಗ್ಗೆ ಬಚ್ಚಲಲ್ಲಿ, ಮೈಗೆಲ್ಲ ಸೋಪು ಹಚ್ಚಿಕೊಂಡು ನೀರು ಹೊಯ್ದುಕೊಳ್ಳುವುದನ್ನೇ ಮರೆತು ನಿಂತಿದ್ದಾಗ. ಹೆಂಡತಿ ಗೋವಿಂದಮ್ಮ ಹೊರಗಿನಿಂದ ಎರಡು ಸಲ ಕೂಗಿದಳು. ಕಿವಿ ಎಂದರೆ ಕಬ್ಬಿಣದ ಕಿವಿ. ಪಂಪಿನ ಮೈಯ ನೆತ್ತಿಯ ಮೇಲೆ, ನಡುಮಧ್ಯದಿಂದ ಹದಿನೆಂಟು ಮಿಲಿಮೀಟರ್ ಮುಂದಕ್ಕೆ ಸರಿದು ನಿಲ್ಲಬೇಕಾದ, ಬೋಲ್ಟು ತೂರಿಸಲು ತೂತಿರುವ ಒಂದು ಗಟ್ಟಿ ತುಂಡು. ಫೌಂಡ್ರಿಯಿಂದ ಬಂದ ಅರವತ್ತು ಎರಕಗಳಲ್ಲೂ ಅದು ಸರಿಯಾಗಿ ಹದಿನೆಂಟೇ ಮಿಲಿಮೀಟರ್ ಸರಿದಿತ್ತು, ಹಿಂದಕ್ಕೆ. ನಿನ್ನೆ ಸಂಜೆ ಜೋಡಿಸಿ ನೋಡಲು ಹೋದಾಗ ಬೋಲ್ಟು ಕೂರಲಿಲ್ಲ. ಯಜಮಾನ ಮೋಹಿತ್ ಎರಡನೆಯದನ್ನು ತರಿಸಿದ, ಮೂರನೆಯದನ್ನು ತರಿಸಿದ, ಆಮೇಲೆ ತರಿಸುವುದನ್ನು ಬಿಟ್ಟ. ಡ್ರಾಯಿಂಗ್ ಮಾಡಿದ ಜಯಾಳಿಗೆ, ನಾಳೆ ನಾಲ್ಕು ಗಂಟೆಗೆ ಫೈಲು ತೆಗೆದುಕೊಂಡು ಬಾ ಎಂದಷ್ಟೇ ಹೇಳಿ ಕ್ಯಾಬಿನ್ನಿನೊಳಗೆ ಹೋದ. ನಾಲ್ಕು ಗಂಟೆಗೆ ಆ ಹುಡುಗಿಯ ಕೆಲಸ ಹೋಗುತ್ತದೆ. ಅಷ್ಟರೊಳಗೆ ಬೈರಣ್ಣ ಬಾಯಿ ಬಿಡಬೇಕು, ಇಲ್ಲವೇ ಇನ್ನೆಂದಿಗೂ ಬಿಡದೆ ಇರಬೇಕು. ಅವನು ತಣ್ಣೀರು ಹೊಯ್ದುಕೊಂಡು ಸೋಪು ತೊಳೆದ.

ಕೋಣನಕುಂಟೆಯಿಂದ ಯಲಚೇನಹಳ್ಳಿಯ ಶೆಡ್ಡಿಗೆ ನಡೆದರೆ ಇಪ್ಪತ್ತು ನಿಮಿಷ. ಇಪ್ಪತ್ತನಾಲ್ಕು ವರ್ಷಗಳಿಂದ ಅವನು ನಡೆದೇ ಹೋಗುತ್ತಿದ್ದ. ಮೊದಮೊದಲು ಕನಕಪುರ ರಸ್ತೆಯ ಎರಡೂ ಬದಿಗೆ ರಾಗಿ ಹೊಲ, ಅವರೆ ಸಾಲು. ಈಗ ಹಾರ್ಡ್‌ವೇರ್ ಅಂಗಡಿ, ಗ್ರಾನೈಟ್ ಅಂಗಡಿ, ಎಸ್‌ಟಿಡಿ ಬೂತು. ಅವನ ಅಪ್ಪನ ಇಪ್ಪತ್ತು ಗುಂಟೆ ಇದ್ದ ಕಡೆ ಒಂದು ಕಲ್ಯಾಣ ಮಂಟಪ ಎದ್ದಿತ್ತು. ಅದಕ್ಕಾಗಿ ಬೈರಣ್ಣ ಯಾವತ್ತೂ ಮರುಗಿದವನಲ್ಲ. ಊರಿನಲ್ಲಿ ನೇಗಿಲು ಬಿಟ್ಟು ಪೆನ್ಸಿಲು ಹಿಡಿದ ಮೊದಲಿಗ ತಾನು, ಐಟಿಐನಲ್ಲಿ ಡ್ರಾಫ್ಟ್ಸ್‌ಮನ್ ಕೋರ್ಸು ಮುಗಿಸಿದವನು, ಬಿಳಿ ಹಾಳೆಯ ಮೇಲಿನ ಗೆರೆಗಳನ್ನು ನೋಡಿ ಕಬ್ಬಿಣದ ವಸ್ತುವನ್ನು ಕಣ್ಣಮುಂದೆ ತಿರುಗಿಸಬಲ್ಲವನು ಎಂಬ ಜಂಬ ಅವನಿಗೆ ಆ ಇಪ್ಪತ್ತು ಗುಂಟೆಗಿಂತ ದೊಡ್ಡದಾಗಿತ್ತು. ನಡೆಯುತ್ತ ನಡೆಯುತ್ತ ಅವನು ಮೋಹಿತನಿಗೆ ಹೇಳಬೇಕಾದ ಮಾತನ್ನು ತುಟಿಯಲ್ಲೇ ಜೋಡಿಸಿ ನೋಡಿದ. ನಾನು ಅದನ್ನು ಗಮನಿಸಲಿಲ್ಲ ಸಾರ್ ಎನ್ನಬಹುದು. ಹಾಗೆಂದರೆ ಇಪ್ಪತ್ತನಾಲ್ಕು ವರ್ಷದ ವಿದ್ಯೆ ಹೋಯಿತು. ನಾನು ಅದನ್ನು ನೋಡಿದ್ದೆ ಸಾರ್, ಹೇಳಲಿಲ್ಲ ಎನ್ನಬಹುದು. ಹಾಗೆಂದರೆ ಮಾನ ಹೋಯಿತು. ಮೂರನೆಯ ಮಾತು ಏನಾದರೂ ಇದೆಯೇ ಎಂದು ಹುಡುಕುವಷ್ಟರಲ್ಲಿ ಯಾವನೋ ಸ್ಕೂಟರಿನವನು ಬೈದುಕೊಂಡು ಪಕ್ಕದಲ್ಲೇ ಹೋದ. ಇವನು ರಸ್ತೆಯ ಮಧ್ಯದಲ್ಲಿ ನಡೆಯುತ್ತಿದ್ದ.

ಎಲ್ಲ ಇದ್ದದ್ದು ಒಂದು ಲೋಟದಲ್ಲಿ. ಡ್ರಾಯಿಂಗಿನ ಕೆಳಗಿನ ಮೂಲೆಯಲ್ಲಿ ಬೆರಳುಗುರಿನಷ್ಟು ಜಾಗದಲ್ಲಿ ಒಂದು ಗುರುತು ಇರುತ್ತದೆ: ಮಲಗಿಸಿದ ಲೋಟ, ಅದರ ಪಕ್ಕಕ್ಕೆ ಒಂದರೊಳಗೊಂದು ಎರಡು ಉಂಗುರ. ಉಂಗುರ ಲೋಟದ ಬಲಕ್ಕಿದ್ದರೆ ನಮ್ಮ ಪದ್ಧತಿ, ಎಡಕ್ಕಿದ್ದರೆ ಅಮೆರಿಕದವರದು. ನಮ್ಮಲ್ಲಿ ವಸ್ತುವಿನ ಆಚೆ ಗೋಡೆ ಇದೆ ಎಂದುಕೊಂಡು, ನೆರಳು ಬಿದ್ದ ಹಾಗೆ ಬರೆಯುತ್ತಾರೆ. ಎಡದಿಂದ ಕಂಡದ್ದು ಬಲಕ್ಕೆ ಬೀಳುತ್ತದೆ. ಅವರಲ್ಲಿ ವಸ್ತುವಿಗೂ ಕಣ್ಣಿಗೂ ನಡುವೆ ಗಾಜು ಇದೆ ಎಂದುಕೊಂಡು ಬರೆಯುತ್ತಾರೆ. ಎಡದಿಂದ ಕಂಡದ್ದು ಎಡಕ್ಕೇ ಉಳಿಯುತ್ತದೆ. ಲೋಟ ನೋಡದೆ ಓದಿದರೆ ಒಂದೊಂದು ಅಳತೆಯೂ ಸರಿಯಾಗಿದ್ದು, ವಸ್ತು ಮಾತ್ರ ಕನ್ನಡಿಯಲ್ಲಿ ಕಂಡ ಹಾಗೆ ಹುಟ್ಟುತ್ತದೆ. ಇದನ್ನು ಬೈರಣ್ಣನಿಗೆ ಕಲಿಸಿದವನು ಅವನು ಅಪ್ರೆಂಟಿಸ್ ಆಗಿದ್ದ ಕಾರ್ಖಾನೆಯ ಹಳೆಯ ಚೆಕ್ಕರ್, ಸದಾ ನಶ್ಯದ ವಾಸನೆ ಹೊಡೆಯುತ್ತಿದ್ದ ಮುದುಕ. ಆಗ ಡ್ರಾಯಿಂಗಿನ ಪ್ರತಿಗಳು ಯಂತ್ರದಿಂದ ಅಮೋನಿಯಾ ಹಬೆಯಲ್ಲಿ ಹೊರಬರುತ್ತಿದ್ದವು, ಕಣ್ಣು ಉರಿಯುತ್ತಿತ್ತು. ಚೆಕ್ ಮಾಡಬೇಕಾದ ಹಾಳೆಯ ಮೇಲೆ ಸರಿಯಾದ ಅಳತೆಗೆ ಹಳದಿ ಪೆನ್ಸಿಲಿನಲ್ಲಿ ಟಿಕ್, ತಪ್ಪಿಗೆ ಕೆಂಪು ಸುತ್ತು. ಮುದುಕ ಮೊಟ್ಟಮೊದಲ ಟಿಕ್ ಹಾಕುತ್ತಿದ್ದದ್ದು ಲೋಟಕ್ಕೆ. ಅಳತೆ ನೋಡೋಕೆ ಗುಮಾಸ್ತ ಸಾಕು ಕಣೋ, ಲೋಟ ನೋಡೋಕೆ ಚೆಕ್ಕರ್ ಬೇಕು ಎನ್ನುತ್ತಿದ್ದ. ಬೈರಣ್ಣ ಒಮ್ಮೆ ಲೋಟ ನೋಡದೆ ಒಂದು ಗೇರ್‌ಬಾಕ್ಸಿನ ಮುಚ್ಚಳವನ್ನು ತಿರುವುಮುರುವು ಬರೆದಾಗ ಮುದುಕ ಕೆಂಪು ಸುತ್ತು ಹಾಕಿ, ಹಾಳೆಯನ್ನು ಮಡಿಚಿ, ಯಾರೂ ಕಾಣದಂತೆ ಅವನ ಜೇಬಿಗೆ ತುರುಕಿ ಹೋಗಿದ್ದ. ಈ ನೆನಪನ್ನು ಇಪ್ಪತ್ತಮೂರು ದಿನಗಳಿಂದ ಬೈರಣ್ಣ ದೂರ ಇಟ್ಟಿದ್ದ. ಇವತ್ತು ಅದು ಕಲ್ಯಾಣ ಮಂಟಪದ ಗೇಟಿನ ಹತ್ತಿರ ತಾನಾಗಿಯೇ ಬಂದು ಜೊತೆಗೆ ನಡೆಯತೊಡಗಿತು.

ಶೆಡ್ಡು ಕಟ್ಟಿದವನು ಚಿಕ್ಕಬೈರಪ್ಪ, ಮೋಹಿತನ ಅಪ್ಪ. ತನ್ನ ಹೊಲದಲ್ಲೇ ಶೀಟು ಹೊದಿಸಿ ಎರಡು ಲೇತು ಇಟ್ಟಾಗ, ಒಂದೇ ಊರಿನ ಹುಡುಗ ಎಂದು ಬೈರಣ್ಣನನ್ನು ಕರೆದು ಕಿಟಕಿಯ ಪಕ್ಕ ಡ್ರಾಯಿಂಗ್ ಬೋರ್ಡು ಹಾಕಿಸಿಕೊಟ್ಟಿದ್ದ. ಓದುಬರಹ ಬಾರದ ಚಿಕ್ಕಬೈರಪ್ಪ ಬೋರ್ಡಿನ ಮುಂದೆ ನಿಂತು, ಇದು ಹೆಂಗೋ ತಿಳೀತದೆ ನಿಂಗೆ ಬೈರಾ ಎಂದು ಬೆರಗಾಗುತ್ತಿದ್ದ. ಆ ಬೆರಗೇ ಬೈರಣ್ಣನಿಗೆ ಅರ್ಧ ಸಂಬಳ. ಮಗ ಎಂಜಿನಿಯರಿಂಗ್ ಮುಗಿಸಿ ಬಂದ ವರ್ಷ ಎರಡು ಕಂಪ್ಯೂಟರು ಬಂದವು, ಅದರ ಹಿಂದೆಯೇ ಜಯಾ ಬಂದಳು. ಬಾಗಲಕೋಟೆ ಕಡೆಯ ಡಿಪ್ಲೊಮಾ ಹುಡುಗಿ, ಬಿಟಿಎಂನಲ್ಲಿ ಒಂದು ರೂಮು ಹಿಡಿದು ತಾಯಿಯನ್ನು ಕರೆದುಕೊಂಡು ಬಂದು ಇದ್ದಳು. ಬೋರ್ಡು ಕಿಟಕಿಯ ಪಕ್ಕದಿಂದ ಗೋಡೆಗೆ ಹೋಯಿತು, ಗೋಡೆಯಿಂದ ಸ್ಟೋರಿನ ಬಾಗಿಲಿಗೆ ಹೋಯಿತು, ಕೊನೆಗೆ ಅದನ್ನು ಮಲಗಿಸಿ ಅದರ ಮೇಲೆ ಎಲ್ಲರ ಊಟದ ಡಬ್ಬಿ ಇಡತೊಡಗಿದರು. ಹೋದ ಆಯುಧಪೂಜೆಯಲ್ಲಿ ಲೇತಿಗೆ, ಡ್ರಿಲ್ಲಿಗೆ, ಕಂಪ್ಯೂಟರಿನ ಪರದೆಗೆ, ಮೌಸಿಗೂ ಅರಿಸಿನ ಕುಂಕುಮ ಇಟ್ಟರು. ಬೋರ್ಡು ಯಾರ ಕಣ್ಣಿಗೂ ಬೀಳಲಿಲ್ಲ. ಕಂಡವಳು ಜಯಾ ಒಬ್ಬಳೇ. ಡಬ್ಬಿಗಳನ್ನು ಸರಿಸಿ, ಒಂದು ಬೊಟ್ಟು ಇಟ್ಟು, ಒಂದು ಸೇವಂತಿಗೆ ಹೂವು ಇಟ್ಟಳು. ಎಲ್ಲರೂ ಮರೆತದ್ದಕ್ಕಿಂತ ಅವಳು ನೆನಪಿಟ್ಟುಕೊಂಡದ್ದು ಬೈರಣ್ಣನಿಗೆ ಹೆಚ್ಚು ಉರಿಯಿತು. ಹೂವನ್ನು ಸತ್ತವರಿಗೂ ಇಡುತ್ತಾರೆ ಎಂದು ಅವನಿಗೆ ಗೊತ್ತಿತ್ತು.

ಮೋಹಿತ್ ಒಂದು ದಿನ ಕರೆದು, ನೀವೂ ಈ ಕಂಪ್ಯೂಟರ್ ಡ್ರಾಯಿಂಗು, ಕ್ಯಾಡ್ ಕಲ್ತುಬಿಡಿ ಬೈರಣ್ಣ, ಊಟದ ಟೈಮಲ್ಲಿ ಅರ್ಧ ಗಂಟೆ ಜಯಾ ಹೇಳಿಕೊಡ್ತಾಳೆ ಎಂದ. ಚಡ್ಡಿ ಹಾಕಿಕೊಂಡಿದ್ದಾಗ ಇದೇ ಮೋಹಿತನ ಜಾಮಿಟ್ರಿ ಹೋಂವರ್ಕನ್ನು ಬೈರಣ್ಣ ಬರೆದುಕೊಟ್ಟಿದ್ದ. ಈಗ ಸಾರ್ ಎನ್ನಬೇಕು. ಅದೇನೂ ಕಷ್ಟವಾಗಿರಲಿಲ್ಲ, ನಾಲಗೆಗೆ ಎಲುಬಿಲ್ಲ. ಕಷ್ಟವಾದದ್ದು ಮೌಸು. ಅವನ ಕೈ ಇಪ್ಪತ್ತನಾಲ್ಕು ವರ್ಷ ಗೆರೆಯನ್ನು ಗೆರೆಯ ಮೇಲೇ ಎಳೆದಿತ್ತು. ಈಗ ಕೈ ಒಂದು ಕಡೆ, ಗೆರೆ ಇನ್ನೊಂದು ಕಡೆ. ಟೇಬಲ್ಲಿನ ಅಂಚಿಗೆ ಬಂದಾಗ ಮೌಸನ್ನು ಎತ್ತಿ ಹಿಂದಕ್ಕಿಡಬೇಕೆಂದು ತಿಳಿಯದೆ ಗೋಡೆಯವರೆಗೂ ತಳ್ಳಿಕೊಂಡು ಹೋಗಿದ್ದ. ಜಯಾ ನಗಲಿಲ್ಲ. ಅವಳ ತಾಯಿ ಮುರಿಗೆವ್ವ ಬಟ್ಟೆಯಲ್ಲಿ ಸುತ್ತಿ ಕಳಿಸುತ್ತಿದ್ದ ಜೋಳದ ರೊಟ್ಟಿ, ಶೇಂಗಾ ಚಟ್ನಿಯಲ್ಲಿ ಅರ್ಧವನ್ನು ಅವನ ಡಬ್ಬಿಯ ಮುಚ್ಚಳಕ್ಕೆ ಹಾಕಿ, ತಿಂತಾ ಕಲೀರಿ ಸರ್ ಎನ್ನುತ್ತಿದ್ದಳು. ಅವಳು ಹೇಳಿಕೊಟ್ಟದ್ದಕ್ಕೆ ಬದಲಾಗಿ ಇವನೂ ಏನಾದರೂ ಕೊಡಬೇಕಲ್ಲ ಎಂದು ಒಂದು ಮಧ್ಯಾಹ್ನ ಅಮೆರಿಕದವರ ಹಳೆಯ ಹಾಳೆಯೊಂದನ್ನು ಬಿಡಿಸಿ, ಮುದುಕ ಚೆಕ್ಕರನ ಲೋಟವನ್ನು ತೋರಿಸಿದ್ದ. ಗೋಡೆ, ಗಾಜು, ನೆರಳು ಎಲ್ಲ ಹೇಳಿದ್ದ. ಅವಳು ತಿನ್ನುವುದನ್ನು ಬಿಟ್ಟು ಕೇಳಿದ್ದಳು. ನಮ್ಮ ಕಾಲೇಜಿನ್ಯಾಗ ಇದನ್ನ ಯಾರೂ ಹಿಂಗ ಹೇಳಲಿಲ್ರಿ ಎಂದಾಗ ಬೈರಣ್ಣನಿಗೆ ಆ ದಿನವೆಲ್ಲ ಹಗುರಾಗಿತ್ತು. ಮೊದಲು ಲೋಟ ನೋಡಮ್ಮ, ಅಳತೆ ಆಮೇಲೆ ಎಂದು ಎರಡು ಸಲ ಹೇಳಿದ್ದ, ಮುದುಕನ ದನಿಯಲ್ಲೇ.

ಹಾಗಿದ್ದವಳು ಆ ದಿನ ಅಂಥ ಮಾತು ಯಾಕೆ ಆಡಿದಳು? ಬೇರೆ ಕಂಪನಿಯ ಮೂರು ಜನ ಟೈ ಕಟ್ಟಿಕೊಂಡು ಶೆಡ್ಡು ನೋಡಲು ಬಂದಿದ್ದರು. ಮೋಹಿತ್ ಅವರಿಗೆ ಜಯಾಳನ್ನು ತೋರಿಸಿ ಇಂಗ್ಲಿಷಿನಲ್ಲಿ, ನಮ್ಮ ಡಿಸೈನೆಲ್ಲ ಇವರೇ ನೋಡಿಕೊಳ್ಳೋದು ಎಂದ. ಬೈರಣ್ಣನ ಹತ್ತಿರ ಬಂದಾಗ ಕ್ಷಣ ತಡವರಿಸಿ, ಇವರು ಅಪ್ಪನ ಕಾಲದವರು, ಇವರಿಗೂ ಕ್ಯಾಡ್ ಕಲಿಸ್ತಿದೀವಿ, ಸ್ವಲ್ಪ ತೋರಿಸಿ ಬೈರಣ್ಣ ಎಂದ. ಮೂವರೂ ಹಿಂದೆ ನಿಂತರು. ಬೈರಣ್ಣ ಮೌಸಿನ ಒತ್ತಬಾರದ ಗುಂಡಿ ಒತ್ತಿದ. ಪರದೆಯ ಮೇಲೆ ಬೇಡದ ಪಟ್ಟಿ ತೆರೆಯಿತು. ಮತ್ತೆ ಒತ್ತಿದ, ಮತ್ತೆ ಅದೇ ಪಟ್ಟಿ. ಆಗ ಜಯಾ ಅವನ ಹೆಗಲ ಪಕ್ಕದಿಂದ ಬಗ್ಗಿ, ದಿನವೂ ಆಡುವ ಸಲಿಗೆಯಲ್ಲೇ ಹೇಳಿದಳು: “ಎಡಾ ಒತ್ರಿ ಸರ್, ಎಡಾ. ಎಡ ಯಾವುದು ಬಲ ಯಾವುದು ನಿಮಗಿನ್ನೂ ತಿಳೀವಲ್ದೇನ್ರಿ?” ಮೋಹಿತ್ ನಕ್ಕ. ಮೋಹಿತ್ ನಕ್ಕನೆಂದು ಟೈಯವರೂ ನಕ್ಕರು. ಅವರಲ್ಲಿ ಒಬ್ಬ ಬೈರಣ್ಣನ ಭುಜ ತಟ್ಟಿ ಪರವಾಗಿಲ್ಲ ಅಂಕಲ್ ಎಂದ. ಜಯಾಳಿಗೆ ತಕ್ಷಣ ತಿಳಿದಿರಬೇಕು, ಅವಳ ಮುಖ ಸಣ್ಣಗಾಯಿತು. ಆದರೆ ಅದು ಬೈರಣ್ಣನಿಗೆ ಬೇಕಾಗಿರಲಿಲ್ಲ. ಎಡ ಬಲ ತಿಳಿಯದವನು. ಎಡ ಬಲದಲ್ಲೇ ಬದುಕು ಸವೆಸಿದವನಿಗೆ, ನಿನ್ನೆ ಮೊನ್ನೆ ಬಂದವಳು, ನಾಲ್ಕು ಜನರ ಮುಂದೆ.

ಅದೇ ಸಂಜೆ ಐದೂವರೆಗೆ ಅವಳು ಪಂಪಿನ ಮೈಯ ಚೆಕ್ ಪ್ರಿಂಟನ್ನು, ಈಗ ಅವನ ಪಾಲಿಗೆ ಉಳಿದಿದ್ದ ಪರೀಕ್ಷಿಸಿ ಸಹಿ ಹಾಕುವ ಕೆಲಸಕ್ಕೆಂದು, ತಂದು ಅವನ ಮೇಜಿನ ಮೇಲೆ ಇಟ್ಟಳು. ಅಮೆರಿಕದ ಗಿರಾಕಿಯ ಹಾಳೆ ನೋಡಿ ಅವಳು ಕಂಪ್ಯೂಟರಿನಲ್ಲಿ ಮಾದರಿ ಕಟ್ಟಿ, ನಮ್ಮ ಕಂಪನಿಯ ಹಾಳೆಯ ಮೇಲೆ ಡ್ರಾಯಿಂಗ್ ತೆಗೆದಿದ್ದಳು. ನಾಳೆ ಬೆಳಿಗ್ಗೆ ಫೌಂಡ್ರಿಗೆ ಕಳಿಸಬೇಕಂತ್ರಿ, ಸರ್ ಅವಸರ ಮಾಡಾಕತ್ತಾರ ಎಂದು ಹೇಳಿ, ಇನ್ನೇನೋ ಹೇಳಲು ಬಾಯಿ ತೆರೆದು, ಹೇಳದೆ ಬಸ್ಸಿಗೆ ಹೋದಳು. ಕ್ಷಮೆಯೋ ಏನೋ. ಬೈರಣ್ಣ ಎರಡೂ ಹಾಳೆಗಳನ್ನು ಪಕ್ಕಪಕ್ಕದಲ್ಲಿ ಹರಡಿ ಹಳದಿ ಪೆನ್ಸಿಲು ಚೂಪು ಮಾಡಿದ. ಕೈ ಅಭ್ಯಾಸದಂತೆ ಮೊದಲು ಲೋಟದ ಮೂಲೆಗೆ ಹೋಯಿತು. ಗಿರಾಕಿಯ ಹಾಳೆಯಲ್ಲಿ, ಮಸುಕು ಫ್ಯಾಕ್ಸಿನಲ್ಲಿ, ಉಂಗುರ ಲೋಟದ ಎಡಕ್ಕೆ. ಅವಳ ಹಾಳೆಯಲ್ಲಿ, ಕಂಪನಿಯ ಹಾಳೆಗೆ ಮೊದಲಿಂದಲೂ ಅಂಟಿಕೊಂಡು ಬಂದ ಗುರುತಿನಲ್ಲಿ, ಉಂಗುರ ಬಲಕ್ಕೆ. ಉಳಿದಂತೆ ಎರಡೂ ಹಾಳೆಗಳು ಅವಳಿಜವಳಿ. ಅದೇ ಚಿತ್ರ ಅದೇ ಜಾಗದಲ್ಲಿ. ಅವಳು ಗಾಜನ್ನು ಗೋಡೆ ಎಂದು ಓದಿದ್ದಳು. ಬೈರಣ್ಣನ ಕಣ್ಣಮುಂದೆ ಕಬ್ಬಿಣದ ಮೈ ಒಮ್ಮೆ ತಿರುಗಿತು, ಕಿವಿ ಹಿಂದಕ್ಕೆ ಹೋಗಿ ನಿಂತಿತು. ಪೆನ್ಸಿಲಿನ ಮೊನೆ ಅವಳ ಹಾಳೆಯ ಲೋಟದ ಮೇಲೆ ಊರಿಕೊಂಡೇ ಇತ್ತು. ಎಷ್ಟು ಹೊತ್ತು ಎಂದು ಅವನಿಗೆ ನೆನಪಿಲ್ಲ. ಎದೆಯಲ್ಲಿ ಏನೋ ಸಿಹಿ ಇಳಿದದ್ದು ಮಾತ್ರ ನೆನಪಿದೆ. ಚಿಕ್ಕಂದಿನಲ್ಲಿ ಕದ್ದ ಬೆಲ್ಲ ಬಾಯಲ್ಲಿ ಕರಗುವಾಗ ಆಗುತ್ತಿದ್ದಂಥದ್ದು. ಆಮೇಲೆ ಅವನು ಪೆನ್ಸಿಲು ಎತ್ತಿ ಅಳತೆಗಳಿಗೆ ಹೋದ. ನಲವತ್ತಮೂರು ಅಳತೆ, ನಲವತ್ತಮೂರೂ ಸರಿ. ಒಂದೊಂದಕ್ಕೂ ಶ್ರದ್ಧೆಯಿಂದ ಹಳದಿ ಟಿಕ್ ಹಾಕಿದ. ಎಲ್ಲೂ ಸುಳ್ಳು ಬರೆಯಲಿಲ್ಲ. ಕೊನೆಗೆ, ಅದರಲ್ಲೂ ಫೌಂಡ್ರಿಗೆ ಹೋಗಬೇಕಾದ ಪ್ರತಿಯಲ್ಲೂ, ಚೆಕ್ ಮಾಡಿದವರು ಎಂಬ ಚೌಕದಲ್ಲಿ ಸಹಿ ಹಾಕಿದ.

ಬೆಳಿಗ್ಗೆ ಬಂದವನೇ ಹೇಳಿಬಿಡಬೇಕೆಂದುಕೊಂಡೇ ಅವನು ಆ ರಾತ್ರಿ ಮಲಗಿದ್ದು. ಅವಳು ಬರುವಾಗ, ಏನಮ್ಮ, ಯಾರಿಗೆ ಎಡ ಬಲ ತಿಳಿಯೋದಿಲ್ಲ ಅಂತ ಈಗ ಹೇಳು ಎಂದು ಎಲ್ಲರ ಮುಂದೆ ಕೇಳಬೇಕು, ಅಷ್ಟೇ ಆಸೆ. ಆದರೆ ಅವನು ಬರುವ ಹೊತ್ತಿಗೆ ಮೋಹಿತ್ ಡ್ರಾಯಿಂಗನ್ನು ತಾನೇ ಫೌಂಡ್ರಿಗೆ ಒಯ್ದಾಗಿತ್ತು. ಫೋನು ಮಾಡಬಹುದಿತ್ತು. ಮಧ್ಯಾಹ್ನ ಮಾಡೋಣ ಎಂದುಕೊಂಡ. ಮಧ್ಯಾಹ್ನ ಜಯಾ ರೊಟ್ಟಿ ಹಾಕಿ, ನಿನ್ನೆ ನನ್ನ ಬಾಯಿ ಜಾಸ್ತಿ ಆತ್ರಿ ಸರ್, ತಪ್ಪು ತಿಳೀಬ್ಯಾಡ್ರಿ ಎಂದಳು. ಆಗಲೇ ಹೇಳಿದ್ದರೆ ಆಗುತ್ತಿತ್ತು. ಆದರೆ ಕ್ಷಮೆ ಕೇಳಿದವಳ ಮುಂದೆ ತನ್ನ ಕಳ್ಳತನ ಬಿಚ್ಚುವುದು ಹೇಗೆ? ಮರುದಿನ ಹೇಳಿದರೆ ಒಂದು ದಿನ ಯಾಕೆ ಸುಮ್ಮನಿದ್ದಿರಿ ಎಂದು ಕೇಳುತ್ತಾರೆ, ವಾರ ಕಳೆದು ಹೇಳಿದರೆ ವಾರದ್ದನ್ನು ಕೇಳುತ್ತಾರೆ. ದಿನದ ಮೇಲೆ ದಿನ ಬಿದ್ದಂತೆ ಮಾತು ದುಬಾರಿಯಾಗುತ್ತ ಹೋಯಿತು. ಫೌಂಡ್ರಿಯಲ್ಲಿ ಅಚ್ಚು ಮಾಡುವವನಿಗಾದರೂ ಸಂಶಯ ಬರಬಾರದೇ ಎಂದು ಬೈರಣ್ಣ ಹಾರೈಸಿದ. ಅವನಿಗೆ ಯಾಕೆ ಬರಬೇಕು, ಸಹಿ ಇತ್ತಲ್ಲ. ಎರಕಗಳು ಟೆಂಪೋದಲ್ಲಿ ಬಂದು ಇಳಿದ ದಿನ ಜಯಾ ಒಂದನ್ನು ಎತ್ತಲಾರದೆ ಎತ್ತಿ, ತನ್ನ ಮೊದಲ ದೊಡ್ಡ ಕೆಲಸ ಎಂದು ದುಪಟ್ಟಾದಿಂದ ಅದರ ಮೇಲಿನ ಮರಳನ್ನು ಒರೆಸಿದಳು. ಬೈರಣ್ಣ ಅತ್ತ ತಿರುಗಿ ಪೆನ್ಸಿಲು ಕೆತ್ತುತ್ತ ನಿಂತ.

ಇವತ್ತು ಶೆಡ್ಡಿನಲ್ಲಿ ಅರವತ್ತು ಎರಕಗಳನ್ನು ಗೋಡೆಯ ಪಕ್ಕ ಸಾಲಾಗಿ ಇಟ್ಟಿದ್ದರು, ಎಲ್ಲದರ ಕಿವಿಯೂ ಗೋಡೆಯ ಕಡೆಗೆ. ಜಯಾ ಬೆಳಿಗ್ಗೆಯಿಂದ ಫೈಲನ್ನು ತೊಡೆಯ ಮೇಲೆ ಇಟ್ಟುಕೊಂಡು ಹಾಳೆ ಮಗುಚುತ್ತಿದ್ದಳು. ಹನ್ನೊಂದು ಗಂಟೆಯ ಹೊತ್ತಿಗೆ ಒಂದು ಹಾಳೆಯಲ್ಲಿ ಅವಳ ಕೈ ನಿಂತಿತು. ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು, ಆಮೇಲೆ ಬೈರಣ್ಣನ ಕಡೆ ನೋಡಿದಳು, ಆಮೇಲೆ ಫೈಲು ಮುಚ್ಚಿದಳು. ಊಟದ ಹೊತ್ತಿಗೆ ಅವಳು ಎಂದಿನಂತೆ ಬಂದು ಬೋರ್ಡಿನ ಮೇಲೆ ಡಬ್ಬಿ ಬಿಚ್ಚಿದಾಗ ಬೈರಣ್ಣನಿಗೆ ಅಲ್ಲಿಂದ ಎದ್ದು ಹೋಗಬೇಕೆನ್ನಿಸಿತು. ಅವಳು ರೊಟ್ಟಿ ಮುರಿದು ಅವನ ಮುಚ್ಚಳಕ್ಕೆ ಹಾಕಿದಳು. ಅವ್ವಗ ಇನ್ನೂ ಹೇಳಿಲ್ರಿ, ನಸುಕಿನ್ಯಾಗ ಎದ್ದು ಬಡದಾಳ ರೊಟ್ಟಿ ಎಂದಳು, ಯಾರಿಗೂ ಅಲ್ಲದಂತೆ. ಈಗ ಹೇಳಬೇಕು. ಈ ತುತ್ತು ನುಂಗಿ ಹೇಳಬೇಕು. ನೀರು ಕುಡಿದ, ಬಾಯಿ ಒರೆಸಿಕೊಂಡ. ಅವಳು ಕಾಯುತ್ತಿದ್ದಾಳೆ ಎಂದು ಅವನಿಗೆ ಅನ್ನಿಸಿತು, ಹಾಗೆ ಅನ್ನಿಸಿದ್ದಕ್ಕೇ ಕೋಪ ಬಂತು. ಚಟ್ನೀಗೆ ಇವತ್ತು ಉಪ್ಪು ಒಂಚೂರು ಮುಂದಾಗಿದೆ ಅಲ್ವಾ ಎಂದ. ಅವಳು ಹೌದ್ರಿ ಎಂದು ತಲೆ ತಗ್ಗಿಸಿ ಉಳಿದದ್ದನ್ನು ತಿಂದಳು.

ನಾಲ್ಕು ಗಂಟೆಗೆ ಮೋಹಿತ್ ಇಬ್ಬರನ್ನೂ ಒಳಗೆ ಕರೆದ. ಬೈರಣ್ಣ ಎಣಿಸಿದ್ದಂತೆ ಅವನು ಕೂಗಾಡಲಿಲ್ಲ. ರಾತ್ರಿ ನಿದ್ದೆ ಮಾಡಿದವನಂತೆ ಕಾಣಲಿಲ್ಲ. ಗಿರಾಕಿಯ ಹಾಳೆಯನ್ನೂ ಜಯಾಳ ಹಾಳೆಯನ್ನೂ ಮುಂದಿಟ್ಟುಕೊಂಡು, ರಾತ್ರಿ ಯಾರಿಗೋ ಫೋನು ಮಾಡಿ ತಿಳಿದುಕೊಂಡೆ, ಇಲ್ಲಿ ನೋಡಿ ಎಂದು ಮೂಲೆಯ ಲೋಟದ ಮೇಲೆ ಬೆರಳಿಟ್ಟ. ಇದನ್ನು ನೋಡಬೇಕು ಅಂತ ಗೊತ್ತಿತ್ತಾ ಎಂದು ಜಯಾಳನ್ನು ಕೇಳಿದ. ಗೊತ್ತಿತ್ರಿ ಎಂದಳು. ಯಾರು ಹೇಳಿಕೊಟ್ಟಿದ್ದು ಎಂದು ಅವನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಬೈರಣ್ಣ ಮೇಜಿನ ಹತ್ತಿರಕ್ಕೆ ಬಂದ. “ಸಾರ್, ಚೆಕ್ ಮಾಡಿದ್ದು ನಾನು” ಎಂದ. ಅಲ್ಲಿಗೆ ಅವನ ಧೈರ್ಯ ಮುಗಿಯಿತು. ಮುಂದಿನ ಮಾತು ಮೋಹಿತನಿಂದ ಬರಲಿ, ಕೇಳಿದರೆ ಹೇಳಿಬಿಡುತ್ತೇನೆ ಎಂದು ಕಾದ. ಮೋಹಿತ್ ಕೈಯಾಡಿಸಿದ. “ಬಿಡಿ ಬೈರಣ್ಣ. ಅವಳು ಪ್ರಿಂಟ್ ಕೊಟ್ಟಳು, ನೀವು ನಂಬರ್ ನೋಡಿದ್ರಿ. ನಂಬರೆಲ್ಲ ಕರೆಕ್ಟಾಗೇ ಇದೆ. ಕ್ಯಾಡಲ್ಲಿ ಆಗಿರೋ ತಪ್ಪು ನಿಮಗೆಲ್ಲಿ ಗೊತ್ತಾಗತ್ತೆ, ಪಾಪ.”

ಪಾಪ ಎಂಬ ಮಾತು ಕೋಣೆಯಲ್ಲಿ ಕೂತುಬಿಟ್ಟಿತು. ಗೊತ್ತಾಗುತ್ತದೆ ಕಣೋ, ನಿನಗಿಂತ ಮೊದಲು ಗೊತ್ತಾಯಿತು, ಯಾರಿಗೂ ಫೋನು ಮಾಡದೆ ಗೊತ್ತಾಯಿತು ಎಂದು ಕೂಗಬೇಕೆನ್ನಿಸಿತು. ತನ್ನ ವಿದ್ಯೆಯನ್ನು ಸಾಬೀತು ಮಾಡುವ ಒಂದೇ ಒಂದು ಮಾತು ನಾಲಗೆಯ ತುದಿಯಲ್ಲಿತ್ತು, ಅದನ್ನಾಡಿದರೆ ಕೆಲಸ ಹೋಗುತ್ತಿತ್ತು. ಏನೂ ತಿಳಿಯದ ಮುದುಕನಾಗಿ ಅಲ್ಲೇ ನಿಂತರೆ ಸಾಕು, ಉಳಿಯುತ್ತಿದ್ದ. ಅವನು ನಿಂತ. ಮೋಹಿತ್ ಫೈಲು ತಿರುವಿ, ಚೆಕ್ ಪ್ರಿಂಟ್ ಎಲ್ಲಿ ಎಂದು ಜಯಾಳನ್ನು ಕೇಳಿದ. ಅವಳು ಫೈಲಿನ ಕಡೆ ನೋಡದೆಯೇ, ಫೈಲಿನ್ಯಾಗ ಇಲ್ರಿ, ಎಲ್ಲೋ ಕಳೆದುಹೋಗೇತಿ ಎಂದಳು. ಅದೂ ಸರಿ ಹೋಯ್ತು ಎಂದು ಮೋಹಿತ್ ಫೈಲು ಮುಚ್ಚಿದ. ತಿಂಗಳ ಕೊನೆಯವರೆಗೂ ಕಾಯುವುದು ಬೇಡ, ಇವತ್ತೇ ಮುಗಿಸಿಬಿಡೋಣ ಎಂದು ಹೇಳಿದ. ಜಯಾ ಹೂಂ ಎಂದಳು. “ತಪ್ಪು ನಂದ ಐತ್ರಿ” ಎಂದಳು. ಬೈರಣ್ಣ ಗೋಡೆಯ ಮೇಲಿನ ಚಿಕ್ಕಬೈರಪ್ಪನ ಫೋಟೋ ನೋಡುತ್ತಿದ್ದ. ಅದಕ್ಕೆ ಹಾಕಿದ್ದ ಗಂಧದ ಹಾರ ಧೂಳು ಹಿಡಿದಿತ್ತು.

ಅವಳು ಚೀಲ ತುಂಬಿಕೊಂಡು ಅವನ ಮೇಜಿನ ಹತ್ತಿರ ಬಂದಾಗ ಐದು ಗಂಟೆ. ನಾಲ್ಕಾಗಿ ಮಡಿಚಿದ ಒಂದು ಹಾಳೆಯನ್ನು ಅವನ ಮುಂದೆ ಇಟ್ಟಳು. ಬಿಚ್ಚುವ ಮೊದಲೇ ಮಡಿಕೆಯ ಅಂಚಿನಲ್ಲಿ ಹಳದಿ ಟಿಕ್ಕುಗಳು ಕಾಣುತ್ತಿದ್ದವು. ಬೈರಣ್ಣ ಬಿಚ್ಚಿದ. ನಲವತ್ತಮೂರು ಟಿಕ್. ಕೆಳಗಿನ ಮೂಲೆಯಲ್ಲಿ, ಲೋಟದ ಮೇಲೆ ಸರಿಯಾಗಿ, ಒಂದು ಹಳದಿ ಚುಕ್ಕಿ. ಮೊನೆ ಊರಿ ಊರಿ ಅಲ್ಲಿ ಕಾಗದ ಸ್ವಲ್ಪ ಒಳಗೆ ಹೋಗಿತ್ತು.

“ಮೊದಲ ಲೋಟಾ ನೋಡು ಅಂತ ನೀವ ಕಲಿಸಿದ್ರಿ” ಎಂದಳು ಜಯಾ. ದನಿ ಏರಲಿಲ್ಲ. “ನಾನು ಮರ್ತೆ. ನೀವು ನೋಡ್ತೀರಿ ಅಂತ ಧೈರ್ಯದಾಗ ಮರ್ತೆ. ನೀವು ನೋಡೀರಿ. ಚುಕ್ಕಿ ಐತಿ, ಟಿಕ್ ಇಲ್ಲ.”

ಬೈರಣ್ಣ ಬಾಯಿ ತೆರೆದ. “ಜಯಾ, ನಾನು ಮರುದಿನ ಹೇಳೋಣ ಅಂತಾನೇ...”

“ಬ್ಯಾಡ್ರಿ ಸರ್. ಇದನ್ನ ಒಳಗ ತೋರಿಸಿದ್ರ ನಿಮ್ಮ ಕೆಲಸಾನೂ ಹೋಗ್ತಿತ್ತು.” ಅವಳು ಚೀಲವನ್ನು ಹೆಗಲಿಗೆ ಏರಿಸಿಕೊಂಡಳು. “ನನಗ ಹದಿನೈದು ದಿನದಾಗ ಇನ್ನೊಂದು ಸಿಗ್ತದ. ನಿಮಗ ಯಾರ್ ಕೊಡ್ತಾರ್ರಿ?”

ಅದರಲ್ಲಿ ಕುಹಕ ಇರಲಿಲ್ಲ. ಬೈರಣ್ಣ ಅವಳ ಮುಖದಲ್ಲಿ ಅದನ್ನು ಹುಡುಕಿದ, ಸಿಕ್ಕಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವಳು ಲೆಕ್ಕ ನೋಡಿ ಹೇಳಿದಂತೆ ಹೇಳಿದ್ದಳು, ಅದು ನಿಜವೂ ಆಗಿತ್ತು. ಅವಮಾನಕ್ಕೆ ಸೇಡು ತೀರಿಸಿಕೊಳ್ಳಬಹುದು. ಈ ಕನಿಕರಕ್ಕೆ ಏನು ಮಾಡುವುದು ಎಂದು ಅವನಿಗೆ ತಿಳಿಯಲಿಲ್ಲ. ಉಪಕಾರ ಮಾಡಿದವಳ ಮೇಲೆ ಹಲ್ಲು ಕಚ್ಚುವಷ್ಟು ಸಿಟ್ಟು ಬಂತು, ಆ ಸಿಟ್ಟಿಗೆ ನಾಚಿಕೆಯೂ ಬಂತು. ಮುದುಕ ಚೆಕ್ಕರ್ ಮಡಿಚಿ ಜೇಬಿಗೆ ತುರುಕಿದ್ದ ಹಾಳೆಯನ್ನು ತಾನು ಅವತ್ತು ಅಳುತ್ತ ತೆರೆದು ನೋಡಿದ್ದ. ಈಗ ಅಳು ಬರಲಿಲ್ಲ. ಡಬ್ಬಿ ಎಂದು ಜಯಾ ಬೆರಳು ತೋರಿಸಿದಳು. ಅವಳ ಊಟದ ಡಬ್ಬಿ ಬೋರ್ಡಿನ ಮೇಲೆ ಉಳಿದುಹೋಗಿತ್ತು. ಬೈರಣ್ಣ ಎದ್ದು ಅದನ್ನು ತಂದು ಅವಳ ಕೈಗೆ ಕೊಟ್ಟ. ಅಮ್ಮಂಗೆ ಹೇಳು ಎಂದು ಶುರುಮಾಡಿ, ಏನು ಹೇಳು ಎಂದು ತೋಚದೆ ನಿಲ್ಲಿಸಿದ. ಅವಳು ಗೋಡೆಯ ಪಕ್ಕದ ಎರಕಗಳ ಸಾಲನ್ನು ದಾಟಿ, ಒಂದರ ಮೇಲೂ ಕಣ್ಣಿಡದೆ ಗೇಟಿನ ಹೊರಗೆ ಹೋದಳು.

ಅವನು ರಬ್ಬರು ತೆಗೆದು ಚುಕ್ಕಿಯನ್ನು ಉಜ್ಜಿದ. ಹಳದಿ ಹರಡಿತು, ಹೋಗಲಿಲ್ಲ. ಮತ್ತೆ ಉಜ್ಜಿದಾಗ ಕಾಗದ ಸವೆದು ತೂತಾಯಿತು, ಲೋಟ ಹೋಯಿತು. ಅಷ್ಟರಲ್ಲಿ ಮೋಹಿತ್ ಕ್ಯಾಬಿನ್ನಿನಿಂದ ಹೊರಗೆ ಬಂದದ್ದರಿಂದ ಹಾಳೆಯನ್ನು ಮುದುರಿ ಪ್ಯಾಂಟಿನ ಜೇಬಿಗೆ ಹಾಕಿಕೊಂಡ. ಫೌಂಡ್ರಿಯವರು ಒಪ್ಪಿದ್ದಾರಂತೆ, ಇವತ್ತೇ ಸರಿಮಾಡಿದ ಡ್ರಾಯಿಂಗ್ ಕೊಟ್ಟರೆ ಸೋಮವಾರ ಅಚ್ಚು ಹಾಕುತ್ತಾರಂತೆ. ಬೇರೆಯವರನ್ನು ಗೊತ್ತು ಮಾಡುವವರೆಗೆ ನೀವೇ ಏನಾದರೂ ಮಾಡಕ್ಕಾಗುತ್ತಾ ಎಂದು ಮೋಹಿತ್ ಅನುಮಾನದಿಂದಲೇ ಕೇಳಿದ. ಬೈರಣ್ಣ ಜಯಾಳ ಕುರ್ಚಿಯಲ್ಲಿ ಕೂತ. ಅದು ಅವನಿಗೆ ಎತ್ತರ ಕಡಿಮೆಯಾಯಿತು. ಮಾದರಿಯನ್ನು ತೆರೆದ. ಕಿವಿ ಹಿಂದಕ್ಕೆ ನಿಂತ ಪಂಪಿನ ಮೈ ಪರದೆಯ ಮೇಲೆ ನಿಧಾನವಾಗಿ ತಿರುಗಿತು. ಆಕಾರವನ್ನು ಕನ್ನಡಿಯಲ್ಲಿ ಕಂಡಂತೆ ಮಗುಚುವ ಮಿರರ್ ಎಂಬುದು ಎಲ್ಲಿದೆ ಎಂದು ಅವನಿಗೆ ಗೊತ್ತಿತ್ತು, ಮೂರನೆಯ ವಾರದ ಪಾಠ. ಇದೊಂದು ಬಂದ್ರ ಅರ್ಧಾ ಕೆಲಸ ಉಳೀತದ್ರಿ ಎಂದು ಅವಳು ಚಟ್ನಿಯ ಬೆರಳಿನಲ್ಲೇ ತೋರಿಸಿದ್ದಳು. ಎಡಗುಂಡಿಯನ್ನು ಒತ್ತಿದ. ಸರಿಯಾಗಿ ಎಡವನ್ನೇ. ಕಿವಿ ಒಂದೇ ಕ್ಷಣದಲ್ಲಿ ಮುಂದಕ್ಕೆ ಬಂದು ನಿಂತಿತು.

ಮೋಹಿತ್ ಅವನ ಹೆಗಲ ಮೇಲೆ ಕೈ ಇಟ್ಟ. ಸಖತ್ತಾಗಿ ಕಲ್ತುಬಿಟ್ರಲ್ಲ ಬೈರಣ್ಣ ಎಂದ. ಬೈರಣ್ಣ ಉಂಗುರ ಬಲಕ್ಕೇ ಇದೆ ಎಂದು ಲೋಟವನ್ನು ನೋಡಿಕೊಂಡ, ಹಾಳೆ ಸಿದ್ಧವಾಯಿತು. ಮೂಲೆಯ ಚೌಕದಲ್ಲಿ, ಬರೆದವರು ಎಂಬಲ್ಲಿ ಅವಳ ಹೆಸರು ಇನ್ನೂ ಇತ್ತು. ಅದನ್ನು ತೆಗೆದು ನಿಮ್ಮ ಹೆಸರು ಹಾಕಿ ಎಂದು ಮೋಹಿತ್ ಹೇಳಿದ. ಬೈರಣ್ಣ ಒಂದೊಂದೇ ಅಕ್ಷರ ಅಳಿಸಿದ, ಒಂದೊಂದೇ ಅಕ್ಷರ ಒತ್ತಿದ. ಅದರ ಕೆಳಗೆ, ಚೆಕ್ ಮಾಡಿದವರು ಎಂಬ ಚೌಕ ಖಾಲಿ ಇತ್ತು. ಅದಕ್ಕೆ ಯಾರ ಹೆಸರು ಹಾಕಲಿ ಸಾರ್ ಎಂದು ಕೇಳಿದ, ತಿರುಗಿ ನೋಡದೆ.

“ಅದಕ್ಕೂ ನಿಮ್ಮದೇ ಹಾಕ್ಕೊಳಿ” ಎಂದ ಮೋಹಿತ್, ಗಾಡಿಯ ಕೀ ಹುಡುಕುತ್ತ. “ನಿಮ್ಮನ್ನ ಚೆಕ್ ಮಾಡೋಕೆ ಇಲ್ಲಿ ಇನ್ಯಾರಿದ್ದಾರೆ?”